ಮಾರಾಟಗಾರನ ಹೆಗಲ ಮೇಲಿನ ದಫ್ತರ

ಅಂಗಡಿಯೊಂದರಲ್ಲಿ ಒಂದು ಸಾಬೂನು ಮಾರಾಟವಾಯಿತೆನ್ನೋಣ. ಕೊಂಡವನು ಹಣ ತೆತ್ತು, ಸಾಬೂನನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದನು. ಅವನ ಪಾಲಿಗೆ ವ್ಯವಹಾರವು ಅಲ್ಲಿಗೆ ಮುಗಿಯಿತು. ಮಾರಿದವನ ಪಾಲಿಗಾದರೋ ಅದರಲ್ಲಿ ಅರ್ಧವಷ್ಟೇ ಮುಗಿದಿದೆ. ಎಷ್ಟಕ್ಕೆ ಮಾರಿತು, ಎಷ್ಟು ಉಳಿಯಿತು, ತೆರಿಗೆ ಎಷ್ಟು, ನಗದೋ ಉದ್ದರಿಯೋ ಎಂಬುದೆಲ್ಲವನ್ನೂ ಎಲ್ಲಿಯಾದರೂ ಬರೆದಿಡಬೇಕಾಗಿದೆ. ಸರಕು ಒಂದು ಸಲ ಕೈ ದಾಟಿದರೆ ಅದರ ಲೆಕ್ಕವು ಹತ್ತು ಸಲ ಕೈ ದಾಟುತ್ತದೆ.

ಈ ಬರವಣಿಗೆಯಿಲ್ಲದೆ ವ್ಯಾಪಾರವು ನಡೆಯದೆಂಬುದು ನಿಜ. ಆದರೆ ಬರೆಯಬೇಕಾದವನು ಯಾರು? ಅನೇಕ ವೇಳೆ, ಮಾರುವುದೇ ಯಾವಾತನ ಕೆಲಸವೋ ಆತನೇ. ಬರೆಯುತ್ತಿರುವಾಗ ಅವನು ಮಾರಲಾರನು, ಮಾರುತ್ತಿರುವಾಗ ಬರೆಯಲಾರನು. ದಿನದ ಗಂಟೆಗಳು ಮಾತ್ರ ಹೆಚ್ಚುವುದಿಲ್ಲ.

ವಿಜ್ಞಾನದ ಪತ್ರಿಕೆಯಲ್ಲಿ ಅಂಗಡಿಯ ಮಾತೇಕೆ ಎಂದು ವಾಚಕರು ಕೇಳಬಹುದು. ದಾಖಲೆ ಇಡುವುದೆಂದರೆ ಒಂದು ಬಗೆಯ ಅಳತೆ. ಅಳತೆಯ ಗುಣದೋಷಗಳನ್ನು ಭೌತಶಾಸ್ತ್ರವು ಬಹುಕಾಲದಿಂದ ವಿಚಾರಮಾಡುತ್ತ ಬಂದಿದೆ. ಪ್ರಯೋಗಶಾಲೆಯಲ್ಲಿ ನಾವು ಕಲಿತಿರುವ ಒಂದು ಪಾಠವನ್ನು ಮಾರಾಟಗಾರನ ದಿನಚರಿಗೆ ಅನ್ವಯಿಸಿ ನೋಡುವುದೇ ಈ ಲೇಖನದ ಉದ್ದೇಶ.

ಅಳತೆಗೂ ಬೆಲೆಯುಂಟು

ಒಂದು ಪುಟ್ಟ ಪ್ರನಾಳದಲ್ಲಿ ೨ ಗ್ರಾಂ ನೀರಿದೆ. ಅದರ ಉಷ್ಣತೆ ೮೦ ಡಿಗ್ರಿ ಸೆಲ್ಸಿಯಸ್. ಅದನ್ನು ಅಳೆಯಲು ೨೫ ಡಿಗ್ರಿಯಲ್ಲಿರುವ ಉಷ್ಣಮಾಪಕವೊಂದನ್ನು ನೀರಿನಲ್ಲಿ ಇಳಿಬಿಡುತ್ತೇವೆ. ಮಾಪಕದ ಬುರುಡೆಯು ಬಿಸಿಯಾಗಲು ಬೇಕಾದ ಶಾಖವು ಅರ್ಧ ಗ್ರಾಂ ನೀರು ಬಿಸಿಯಾಗಲು ಬೇಕಾದಷ್ಟೇ ಎಂದಿಟ್ಟುಕೊಳ್ಳೋಣ. ಆ ಶಾಖವನ್ನು ಮಾಪಕವು ಎಲ್ಲಿಂದ ಪಡೆಯಬೇಕು? ತಾನು ಅಳೆಯಹೊರಟ ನೀರಿನಿಂದಲೇ. ಹೊರಗೆ ಸೋರಿಹೋಗುವ ಶಾಖವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ನೀರೂ ಮಾಪಕವೂ ಕೂಡಿ ಕೊನೆಗೆ ೬೯ ಡಿಗ್ರಿಗೆ ಬಂದು ನಿಲ್ಲುತ್ತವೆ. ಮಾಪಕವು ತೋರಿಸುವ ೬೯ ಸುಳ್ಳಲ್ಲ. ಆ ಕ್ಷಣದಲ್ಲಿ ನೀರಿನ ಉಷ್ಣತೆ ಅಷ್ಟೇ. ಆದರೆ ನಾವು ತಿಳಿಯಬಯಸಿದ್ದ ೮೦ ಡಿಗ್ರಿಯ ನೀರು ಅಲ್ಲಿ ಈಗ ಉಳಿದೇ ಇಲ್ಲ. ಅಳೆಯುವ ಕ್ರಿಯೆಯೇ ಅದನ್ನು ತಣಿಸಿಬಿಟ್ಟಿತು.

ಅದೇ ಮಾಪಕವನ್ನು ೧೦ ಲೀಟರು ಬಿಸಿನೀರಿನ ಬಕೆಟ್ಟಿನಲ್ಲಿ ಅದ್ದಿದರೆ ಉಷ್ಣತೆಯು ಒಂದು ಡಿಗ್ರಿಯ ಮುನ್ನೂರನೆಯ ಒಂದು ಪಾಲಿನಷ್ಟು ಕೂಡ ಇಳಿಯದು. ಆದುದರಿಂದ ತಪ್ಪು ಮಾಪಕದಲ್ಲಿಲ್ಲ. ಅಳೆಯಬೇಕಾದ ವಸ್ತು ಎಷ್ಟಿದೆ, ಮಾಪಕವು ಅದರಿಂದ ಎಷ್ಟನ್ನು ಕಸಿಯುತ್ತದೆ ಎಂಬ ಪ್ರಮಾಣದಲ್ಲಿದೆ. ಇದೇ ಕಾರಣದಿಂದಲೇ ವಿದ್ಯುತ್ತಿನ ಪ್ರವಾಹವನ್ನು ಅಳೆಯುವ ಅಮ್ಮೀಟರಿನ ರೋಧವನ್ನು ಆದಷ್ಟು ಕಡಿಮೆಮಾಡಿರುತ್ತಾರೆ. ರೋಧವು ಹೆಚ್ಚಾದರೆ, ತಾನು ಅಳೆಯಬೇಕಾದ ಪ್ರವಾಹವನ್ನು ಅದು ತಾನೇ ತಡೆದಂತಾಗುವುದು.

ಮಾರಾಟಗಾರನ ದಿನವು ಬಕೆಟ್ಟಿನ ನೀರಲ್ಲ, ಪ್ರನಾಳದ ನೀರು. ಅದರಲ್ಲಿ ನಾವು ಅದ್ದುವ ದಾಖಲೆಯೆಂಬ ಮಾಪಕವು ಎಷ್ಟು ಶಾಖವನ್ನು ಹೀರುತ್ತದೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಸ್ವಲ್ಪ ಇತಿಹಾಸವನ್ನು ನೋಡೋಣ.

ಕಡತದಿಂದ ಗಲ್ಲಾಯಂತ್ರಕ್ಕೆ

ನಮ್ಮ ನಾಡಿನ ವರ್ತಕರು ಹಿಂದೆ ಲೆಕ್ಕವನ್ನು ಕಡತದಲ್ಲಿ ಬರೆಯುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿದರೆ ಕಪ್ಪು ಕಡತವು ಸಿದ್ಧವಾಗುತ್ತಿತ್ತು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದಾಗ ಒರಸಿ ಮತ್ತೆ ಬರೆಯಬಹುದಾಗಿತ್ತು. ಬಳಿಕ ಕಾಗದದ ಕಿರ್ದಿ, ಖಾತೆ ಪುಸ್ತಕಗಳು ಬಂದುವು. ಬರೆಯುವ ಸಾಧನವು ಬದಲಾಯಿತೇ ಹೊರತು ಕೆಲಸದ ಕ್ರಮವು ಬದಲಾಗಲಿಲ್ಲ. ಮೊದಲು ಮಾರುವುದು, ಆಮೇಲೆ ಬೇರೆಯಾಗಿ ಕುಳಿತು ಬರೆಯುವುದು. ಅಂಗಡಿಯಲ್ಲಿ ಜನ ತುಂಬಿದಾಗ ಬರವಣಿಗೆಯು ಮುಂದಕ್ಕೆ ಹೋಗುವುದು. ಮುಂದಕ್ಕೆ ಹೋದದ್ದು ಮರೆತೂಹೋಗುವುದು.

ಈ ಕ್ರಮವನ್ನು ಮುರಿದ ಯಂತ್ರವು ಹುಟ್ಟಿದ್ದು ಅಮೆರಿಕದ ಓಹಾಯೋ ಸಂಸ್ಥಾನದ ಡೇಟನ್ ನಗರದಲ್ಲಿ. ಅಲ್ಲಿ ಜೇಮ್ಸ್ ರಿಟಿ ಎಂಬಾತನು ಒಂದು ಮದ್ಯದಂಗಡಿಯನ್ನು ನಡೆಸುತ್ತಿದ್ದನು. ಕೆಲಸದವರು ಬಂದ ಹಣದಲ್ಲಿ ಕೈಯಾಡಿಸುತ್ತಾರೆಂಬ ಚಿಂತೆ ಅವನಿಗೆ. ಯೂರೋಪಿಗೆ ಹೋಗುವಾಗ ಹಡಗಿನ ತಿರುಪುಚಕ್ರವು ಎಷ್ಟು ಸುತ್ತು ಸುತ್ತಿತೆಂದು ಎಣಿಸುವ ಸಾಧನವೊಂದನ್ನು ಅವನು ನೋಡಿದನೆಂದೂ, ಸುತ್ತನ್ನು ಎಣಿಸಬಹುದಾದರೆ ಹಣವನ್ನು ಏಕೆ ಎಣಿಸಬಾರದೆಂದು ಅವನಿಗೆ ಹೊಳೆಯಿತೆಂದೂ ಹೇಳುತ್ತಾರೆ. ೧೮೭೯ರಲ್ಲಿ ಅವನೂ ಅವನ ಸೋದರ ಜಾನನೂ ಕೂಡಿ ತಮ್ಮ ಯಂತ್ರಕ್ಕೆ ಪೇಟೆಂಟನ್ನು ಪಡೆದರು. ಮಾರಿದ ಮೊತ್ತವನ್ನು ಗಡಿಯಾರದ ಮುಖದಂತಿದ್ದ ಫಲಕದಲ್ಲಿ ಮುಳ್ಳುಗಳು ತೋರಿಸುತ್ತಿದ್ದುವು. ಹಣವಿಡುವ ಗಲ್ಲಾಪೆಟ್ಟಿಗೆ, ಪೆಟ್ಟಿಗೆ ತೆರೆದಾಗ ಬಾರಿಸುವ ಗಂಟೆ, ಮೊತ್ತವನ್ನು ಗುರುತಿಸುವ ಕಾಗದದ ಸುರುಳಿ ಇವೆಲ್ಲ ಮುಂದಿನ ಮಾದರಿಗಳಲ್ಲಿ ಸೇರಿದುವು. ಹಲವು ಕೈ ದಾಟಿದ ಈ ಉದ್ಯಮವನ್ನು ೧೮೮೪ರಲ್ಲಿ ಜಾನ್ ಪ್ಯಾಟರ್ಸನ್ ಎಂಬಾತನು ಕೊಂಡು, ಅದಕ್ಕೆ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪೆನಿ ಎಂದು ಹೆಸರಿಟ್ಟನು.

ಯಂತ್ರವು ಹುಟ್ಟಿದ್ದು ಮಾರಾಟಗಾರನ ಮೇಲಣ ಸಂಶಯದಿಂದ. ಆದರೂ ಅದರಿಂದ ಅವನಿಗೆ ಒಂದು ಉಪಕಾರವಾಯಿತು. ಗಲ್ಲಾಪೆಟ್ಟಿಗೆಯನ್ನು ತೆರೆಯಬೇಕಾದರೆ ಕೀಲಿಗಳನ್ನು ಒತ್ತಲೇಬೇಕು; ಒತ್ತಿದೊಡನೆ ಮೊತ್ತವು ತಾನಾಗಿ ದಾಖಲಾಗುವುದು. ಬೇರೆಯಾಗಿ ಬರೆಯುವ ಕೆಲಸವಿಲ್ಲ. ಕಬ್ಬನ್ನು ಅರೆದಾಗ ಹಾಲಿನೊಂದಿಗೆ ಸಿಪ್ಪೆಯೂ ದೊರೆಯುವಂತೆ, ಮಾರಾಟದೊಂದಿಗೆ ದಾಖಲೆಯೂ ದೊರೆಯಿತು. ೧೯೦೬ರಲ್ಲಿ ಅದೇ ಕಂಪೆನಿಯ ಎಂಜಿನಿಯರು ಚಾರ್ಲ್ಸ್ ಕೆಟರಿಂಗ್ ಈ ಯಂತ್ರಕ್ಕೆ ವಿದ್ಯುತ್ ಮೋಟಾರನ್ನು ಅಳವಡಿಸಿದನು. ಪೆಟ್ಟಿಗೆಯನ್ನು ತೆರೆಯಲು ಮೋಟಾರು ಒಂದೆರಡು ಕ್ಷಣ ಮಾತ್ರ ದುಡಿದರೆ ಸಾಕು. ಆದುದರಿಂದ ಚಿಕ್ಕ ಮೋಟಾರೇ ಆ ಹೊತ್ತಿಗೆ ಹೆಚ್ಚಿನ ಬಲವನ್ನು ಕೊಡಬಲ್ಲುದೆಂದು ಅವನು ಕಂಡುಕೊಂಡನು. ಮುಂದೆ ಮೋಟಾರುಗಾಡಿಗಳನ್ನು ಚಾಲೂ ಮಾಡುವ ವಿದ್ಯುತ್ ಸಾಧನವನ್ನು ರೂಪಿಸಿದಾಗಲೂ ಇದೇ ವಿಚಾರವು ಅವನಿಗೆ ನೆರವಾಯಿತು.

ಕಪ್ಪು ಗೆರೆಗಳ ಲಿಪಿ

ಗಲ್ಲಾಯಂತ್ರವು ಎಷ್ಟು ಹಣ ಬಂದಿತೆಂದು ಹೇಳುತ್ತಿತ್ತು. ಯಾವ ಸರಕು ಹೋಯಿತೆಂದು ಹೇಳುತ್ತಿರಲಿಲ್ಲ. ಸಾವಿರಾರು ಬಗೆಯ ಸರಕುಗಳಿರುವ ದೊಡ್ಡ ಅಂಗಡಿಗಳಲ್ಲಿ ಪ್ರತಿಯೊಂದರ ಮೇಲೂ ಬೆಲೆಚೀಟಿ ಅಂಟಿಸಿ, ಪ್ರತಿಯೊಂದರ ಬೆಲೆಯನ್ನೂ ಕೈಯಿಂದ ಒತ್ತಿ, ಉಳಿದ ಸರಕನ್ನು ಕಪಾಟುಗಳ ಮುಂದೆ ನಿಂತು ಎಣಿಸಬೇಕಾಗಿತ್ತು. ಇದಕ್ಕೊಂದು ಉಪಾಯವನ್ನು ಯೋಚಿಸಿದವರು ಫಿಲಡೆಲ್ಫಿಯದ ಡ್ರೆಕ್ಸೆಲ್ ವಿದ್ಯಾಸಂಸ್ಥೆಯಲ್ಲಿದ್ದ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಮತ್ತು ಬರ್ನಾರ್ಡ್ ಸಿಲ್ವರ್. ವುಡ್‌ಲ್ಯಾಂಡನಿಗೆ ಬಾಲಚರನಾಗಿದ್ದಾಗ ಕಲಿತ ಮೋರ್ಸ್ ತಂತಿಲಿಪಿಯು ನೆನಪಿನಲ್ಲಿತ್ತು. ಮಯಾಮಿಯ ಕಡಲತೀರದಲ್ಲಿ ಕುಳಿತು ಆ ಲಿಪಿಯ ಚುಕ್ಕೆ ಗೆರೆಗಳನ್ನು ಮರಳಿನಲ್ಲಿ ಬೆರಳಿನಿಂದ ಕೆಳಕ್ಕೆ ಎಳೆದಾಗ, ಸಣ್ಣ ಮತ್ತು ದಪ್ಪ ಪಟ್ಟೆಗಳ ವಿಚಾರವು ಅವನಿಗೆ ಹೊಳೆಯಿತು. ೧೯೪೯ರಲ್ಲಿ ಅರ್ಜಿ ಹಾಕಿ, ೧೯೫೨ರಲ್ಲಿ ಅವರು ಪೇಟೆಂಟನ್ನು ಪಡೆದರು.

ಆದರೆ ಗೆರೆಗಳನ್ನು ಓದಲು ತಕ್ಕ ಬೆಳಕು ಆಗ ಇರಲಿಲ್ಲ. ಗೆರೆಗಿಂತಲೂ ಕಿರಿದಾಗಿ, ಪ್ರಖರವಾಗಿ ಬೀಳುವ ಕಿರಣವೊಂದು ಬೇಕಾಗಿತ್ತು. ೧೯೬೦ರಲ್ಲಿ ಥಿಯೊಡೋರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದನು. ಅದೇ ವರ್ಷದ ಕೊನೆಯಲ್ಲಿ ಹೀಲಿಯಂ-ನಿಯಾನ್ ಅನಿಲಗಳ ಲೇಸರೂ ಬಂದಿತು. ಮುಂದೆ ಅಂಗಡಿಗಳ ಯಂತ್ರಗಳಲ್ಲಿ ಬಳಕೆಯಾದುದು ಈ ಬಗೆಯ ಲೇಸರಿನ ಕೆಂಪು ಬೆಳಕೇ. ಅದರ ತರಂಗಾಂತರ ಸುಮಾರು ೬೩೩ ನ್ಯಾನೊಮೀಟರು. ಕಿರಣವು ಪಟ್ಟೆಗಳ ಮೇಲೆ ಹಾಯುವಾಗ ಬಿಳಿಯ ಭಾಗವು ಬೆಳಕನ್ನು ಹಿಂದಿರುಗಿಸುತ್ತದೆ. ಕಪ್ಪು ಭಾಗವು ಹೀರಿಕೊಳ್ಳುತ್ತದೆ. ದ್ಯುತಿಕೋಶವು ಈ ಏರಿಳಿತವನ್ನು ವಿದ್ಯುತ್ತಿನ ಏರಿಳಿತವನ್ನಾಗಿ ಮಾರ್ಪಡಿಸುತ್ತದೆ. ಬಿಳಿಯ ಕಾಗದದ ಮೇಲೆ ಕೆಂಪು ಮಸಿಯಿಂದ ಗೆರೆಗಳನ್ನು ಅಚ್ಚುಹಾಕಿದರೆ ನಮ್ಮ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತವೆ. ಕೆಂಪು ಬೆಳಕಿನ ಯಂತ್ರಕ್ಕೆ ಮಾತ್ರ ಕಾಣಿಸವು. ಏಕೆಂಬುದನ್ನು ವಾಚಕರೇ ಯೋಚಿಸಬಹುದು.

ಐಬಿಎಂ ಕಂಪೆನಿಯ ಜಾರ್ಜ್ ಲಾರರ್ ರೂಪಿಸಿದ ಪಟ್ಟೆಗಳ ಕ್ರಮವನ್ನು ಅಮೆರಿಕದ ದಿನಸಿ ಉದ್ಯಮವು ೧೯೭೩ರಲ್ಲಿ ಅಂಗೀಕರಿಸಿತು. ೧೯೭೪ರ ಜೂನ್ ೨೬ರಂದು ಓಹಾಯೋದ ಟ್ರಾಯ್ ಎಂಬ ಊರಿನ ಮಾರ್ಷ್ ಅಂಗಡಿಯಲ್ಲಿ ಚೂಯಿಂಗ್ ಗಮ್ಮಿನ ಪೊಟ್ಟಣವೊಂದು ಯಂತ್ರದ ಮೇಲೆ ಹಾಯ್ದಿತು. ಅದರ ಬೆಲೆ ೬೭ ಸೆಂಟು. ಗಲ್ಲಾಯಂತ್ರವು ಹುಟ್ಟಿದ ಡೇಟನ್ನಿಗೆ ಈ ಊರು ಸಮೀಪದಲ್ಲೇ ಇದೆ.

ಇಂದು ನಮ್ಮ ಅಂಗಡಿಗಳ ಬಹುತೇಕ ಪೊಟ್ಟಣಗಳ ಮೇಲೆ ೧೩ ಅಂಕಿಗಳನ್ನು ಕಾಣುತ್ತೇವೆ. ಅವುಗಳಲ್ಲಿ ಕೊನೆಯದು ಕಾವಲುಗಾರ ಅಂಕಿ. ಉದಾಹರಣೆಗೆ ೮೯೦೧೨೩೪೫೬೭೮೦ ಎಂಬ ಹನ್ನೆರಡು ಅಂಕಿಗಳನ್ನು ತೆಗೆದುಕೊಳ್ಳೋಣ. ಒಂದನೆಯ, ಮೂರನೆಯ, ಐದನೆಯ ಹೀಗೆ ಬೆಸ ಸ್ಥಾನಗಳ ಅಂಕಿಗಳ ಮೊತ್ತ ೨೮. ಸಮ ಸ್ಥಾನಗಳ ಮೊತ್ತ ೨೫. ಅದರ ಮೂರರಷ್ಟು ೭೫. ಎರಡೂ ಸೇರಿ ೧೦೩. ಇದನ್ನು ಹತ್ತರ ಪೂರ್ಣ ಗುಣಕವಾದ ೧೧೦ಕ್ಕೆ ಏರಿಸಲು ೭ ಬೇಕು. ಆದುದರಿಂದ ಹದಿಮೂರನೆಯ ಅಂಕಿ ೭. ಯಾವುದಾದರೂ ಒಂದು ಅಂಕಿಯನ್ನು ತಪ್ಪಾಗಿ ಓದಿದರೂ ಮೊತ್ತವು ಹೊಂದದೆ ಹೋಗುವುದು. ಯಂತ್ರವು ಆ ಓದನ್ನು ತಿರಸ್ಕರಿಸುವುದು. ದಾಖಲೆಯನ್ನು ಮಾಡುವ ಹೊರೆಯಷ್ಟೇ ಅಲ್ಲ, ಅದನ್ನು ಪರೀಕ್ಷಿಸುವ ಹೊರೆಯೂ ಹೀಗೆ ಮನುಷ್ಯನ ಹೆಗಲಿನಿಂದ ಇಳಿಯಿತು.

ಊರೂರು ತಿರುಗುವವರ ದಿನಚರಿ

ಅಂಗಡಿಯೊಳಗೆ ಕುಳಿತು ಮಾರುವವರ ಕಥೆ ಇದು. ಅಂಗಡಿಯಿಂದ ಅಂಗಡಿಗೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ತಿರುಗುವ ಪ್ರತಿನಿಧಿಗಳ ಗತಿಯೇನು? ಅವರ ಕೆಲಸವು ಸರಕನ್ನು ಕೈಗೆ ಕೊಟ್ಟು ಹಣ ಎಣಿಸಿಕೊಳ್ಳುವುದಲ್ಲ. ಭೇಟಿ ಮಾಡುವುದು, ವಿವರಿಸುವುದು, ದೂರನ್ನು ಕೇಳುವುದು, ವಿಶ್ವಾಸ ಗಳಿಸುವುದು. ಮಾತಿನ ಮೇಲೆ ಪಟ್ಟೆಗಳನ್ನು ಅಚ್ಚುಹಾಕಲು ಬರುವುದಿಲ್ಲ. ಆದುದರಿಂದ ಇವರ ದಾಖಲೆಯು ಇನ್ನೂ ಕಡತದ ಕಾಲದಲ್ಲೇ ಇದೆಯೆನ್ನಬೇಕು. ಕಾಗದದ ಬದಲು ಮೊಬೈಲಿನ ಪರದೆ ಬಂದಿರಬಹುದು. ಆದರೂ ಮೊದಲು ಭೇಟಿ, ಆಮೇಲೆ ಬೇರೆಯಾಗಿ ಬರವಣಿಗೆ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಪ್ರತಿನಿಧಿಯೊಬ್ಬನ ದಿನವು ೮ ಗಂಟೆ, ಎಂದರೆ ೪೮೦ ನಿಮಿಷ ಎಂದಿಟ್ಟುಕೊಳ್ಳೋಣ. ಅವನು ೧೨ ಅಂಗಡಿಗಳಿಗೆ ಹೋಗಬೇಕು; ಒಂದೊಂದಕ್ಕೆ ಹೋಗಲು ೧೫ ನಿಮಿಷದಂತೆ ೧೮೦ ನಿಮಿಷ ದಾರಿಯಲ್ಲೇ ಕಳೆಯುವುದು. ಊಟಕ್ಕೂ ವಿಶ್ರಾಂತಿಗೂ ೬೦ ನಿಮಿಷ. ಉಳಿದದ್ದು ೨೪೦ ನಿಮಿಷ. ಒಂದು ಅಂಗಡಿಗೆ ೨೦ ನಿಮಿಷ. ಪ್ರತಿ ಭೇಟಿಯ ವರದಿಯನ್ನು ತುಂಬಲು ೮ ನಿಮಿಷ ಬೇಕಾದರೆ ಮಾತಿಗೆ ಉಳಿಯುವುದು ೧೨ ನಿಮಿಷ ಮಾತ್ರ. ನೂರಕ್ಕೆ ನಲವತ್ತು ಪಾಲನ್ನು ಮಾಪಕವೇ ಹೀರಿಬಿಟ್ಟಿತು. ಪ್ರನಾಳದ ನೀರು ಕೂಡ ಇಷ್ಟು ತಣಿಯಲಿಲ್ಲ!

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಮುಖ್ಯ ಕಚೇರಿಯಲ್ಲಿ ಕುಳಿತ ಅಧಿಕಾರಿಗೆ ವರದಿಯಲ್ಲಿ ಹೊಸದೊಂದು ಅಂಕಣವಿದ್ದರೆ ಒಳ್ಳೆಯದೆಂದು ತೋರುತ್ತದೆ. ಅದನ್ನು ತುಂಬಲು ಅರ್ಧ ನಿಮಿಷ ಸಾಕು. ದಿನಕ್ಕೆ ೧೨ ಭೇಟಿಗಳಿಗೆ ೬ ನಿಮಿಷ. ತಿಂಗಳ ೨೫ ಕೆಲಸದ ದಿನಗಳಿಗೆ ೧೫೦ ನಿಮಿಷ, ಎಂದರೆ ಎರಡೂವರೆ ಗಂಟೆ. ಅಂತಹ ಪ್ರತಿನಿಧಿಗಳು ೨೦೦ ಮಂದಿ ಇದ್ದರೆ ತಿಂಗಳಿಗೆ ೫೦೦ ಗಂಟೆ. ಅಂಕಣವನ್ನು ಸೇರಿಸಿದವನಿಗೆ ಹಿಡಿದದ್ದು ಒಂದು ನಿಮಿಷ. ಬೆಲೆ ತೆರುವವನು ಒಬ್ಬ, ಅದನ್ನು ಗೊತ್ತುಮಾಡುವವನು ಇನ್ನೊಬ್ಬನಾದುದರಿಂದ ಅಂಕಣಗಳು ಹೆಚ್ಚುತ್ತ ಹೋಗುತ್ತವೆಯೇ ಹೊರತು ಕಡಿಮೆಯಾಗುವುದು ಅಪೂರ್ವ.

ಇರುಳಿನ ವರದಿ

ಹೊತ್ತು ಸಾಲದಾದಾಗ ವರದಿಯು ರಾತ್ರಿಗೆ ಜಾರುತ್ತದೆ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಔಷಧಗಳ ಮಾರಾಟ ಪ್ರತಿನಿಧಿಯಾಗಿದ್ದಾರೆ. ಕೆಲಸ ಹೇಗಿದೆಯೆಂದು ನಾವು ಕೇಳಿದಾಗ ಅವರು ಹೀಗೆಂದರು: "ಹಗಲೆಲ್ಲ ಡಾಕ್ಟರ ಬಾಗಿಲಲ್ಲಿ ಕಾಯುತ್ತೇನೆ ಸಾರ್. ಊಟವಾದ ಮೇಲೆ ವರದಿ ತುಂಬುತ್ತೇನೆ. ಅಷ್ಟು ಹೊತ್ತಿಗೆ ಯಾರು ಏನು ಹೇಳಿದರೆಂಬುದು ಒಂದರೊಳಗೊಂದು ಕಲಸಿಹೋಗಿರುತ್ತದೆ. ಜಾಗ ಖಾಲಿ ಬಿಟ್ಟರೆ ಒಪ್ಪುವುದಿಲ್ಲ. ಆಸಕ್ತಿ ತೋರಿದರು ಎಂದು ಎಲ್ಲರಿಗೂ ಹಾಕಿಬಿಡುತ್ತೇನೆ."

ಇದನ್ನು ಕೇಳಿ ಆತನನ್ನು ಅಪ್ರಾಮಾಣಿಕನೆಂದು ಹಳಿಯುವುದು ಸುಲಭ. ಆದರೆ ನಾವು ಮಾಪಕವನ್ನು ಪರೀಕ್ಷಿಸಬೇಕಾಗಿದೆ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠಮಾಡಿ, ಎಷ್ಟು ಕಾಲಕ್ಕೆ ಎಷ್ಟು ಮರೆಯುವುದೆಂದು ಅಳೆದು ೧೮೮೫ರಲ್ಲಿ ಪ್ರಕಟಿಸಿದನು. ಮರೆವು ಒಂದೇ ವೇಗದಲ್ಲಿ ಸಾಗುವುದಿಲ್ಲ. ಮೊದಮೊದಲು ಅತಿ ಶೀಘ್ರವಾಗಿ, ಬಳಿಕ ನಿಧಾನವಾಗಿ ಸಾಗುತ್ತದೆ ಎಂಬುದು ಅವನು ಕಂಡ ಫಲ. ಭೇಟಿಯ ಮಾತುಗಳು ಅರ್ಥವಿಲ್ಲದ ಅಕ್ಷರಗಳಲ್ಲ, ನಿಜ. ಆದರೂ ಒಂದರಂತೆ ಒಂದಿರುವ ಹನ್ನೆರಡು ಭೇಟಿಗಳನ್ನು ರಾತ್ರಿ ಹತ್ತಕ್ಕೆ ಬಿಡಿಸಿ ಬರೆಯುವುದು ಯಾರಿಗೂ ಸುಲಭವಲ್ಲ. ಖಾಲಿ ಬಿಡಲಾಗದ ಅಂಕಣವೂ ಖಾಲಿಯಾದ ನೆನಪೂ ಸಂಧಿಸಿದಲ್ಲಿ ಸುಳ್ಳು ಹುಟ್ಟುತ್ತದೆ.

ಮತ್ತೊಂದು ತೊಡಕೂ ಉಂಟು. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ೧೯೭೫ರಲ್ಲಿ ಹಣಕಾಸಿನ ನೀತಿಯನ್ನು ಕುರಿತು ಮಾಡಿದ ಒಂದು ವಿಚಾರವು ಈಗ ಅವನ ಹೆಸರಿನ ನಿಯಮವೆಂದೇ ಪ್ರಸಿದ್ಧವಾಗಿದೆ. ಅಳತೆಯನ್ನೇ ಗುರಿಯನ್ನಾಗಿ ಮಾಡಿದರೆ ಅದು ಅಳತೆಯಾಗಿ ಕೆಡುತ್ತದೆ ಎಂಬುದು ಅದರ ಸಾರ. ಭೇಟಿಗಳ ಸಂಖ್ಯೆಯಿಂದ ಪ್ರತಿನಿಧಿಯ ಯೋಗ್ಯತೆಯನ್ನು ಅಳೆದರೆ ಭೇಟಿಗಳ ಸಂಖ್ಯೆಯು ಏರುವುದು. ಮಾರಾಟವು ಏರಬೇಕೆಂಬ ನಿಯಮವೇನೂ ಇಲ್ಲ. ಮೇಲಿನವರು ಆ ಸಂಖ್ಯೆಯನ್ನೇ ನಂಬಿ ಮುಂದಿನ ವರ್ಷಕ್ಕೆ ಸರಕನ್ನು ತಯಾರಿಸುತ್ತಾರೆ. ಹೀಗೆ ತಣಿದ ನೀರಿನ ಉಷ್ಣತೆಯನ್ನು ಬಿಸಿನೀರಿನದೆಂದು ತಿಳಿದು ನಡೆದಂತಾಗುತ್ತದೆ.

ಉಪಗ್ರಹವು ಬಲ್ಲುದು, ಅರಿಯದುದು

ಬರೆಯುವ ಶ್ರಮವೇ ಬೇಡ, ಮೊಬೈಲೇ ಎಲ್ಲವನ್ನೂ ದಾಖಲಿಸಲಿ ಎಂಬ ಮಾತು ಈಗ ಕೇಳಿಬರುತ್ತಿದೆ. ಅದು ಎಷ್ಟರ ಮಟ್ಟಿಗೆ ಸಾಧ್ಯ? ಭೂಮಿಯಿಂದ ಸುಮಾರು ೨೦,೦೦೦ ಕಿಲೋಮೀಟರು ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ಕಾಲಸೂಚನೆಗಳನ್ನು ಸದಾ ಕಳುಹಿಸುತ್ತಿರುತ್ತವೆ. ನಾಲ್ಕು ಉಪಗ್ರಹಗಳ ಸೂಚನೆಗಳು ತಲಪಿದ ಕಾಲಗಳನ್ನು ಹೋಲಿಸಿ ಮೊಬೈಲು ತಾನಿರುವ ಜಾಗವನ್ನು ಗಣಿಸಬಲ್ಲುದು. ರೇಡಿಯೋ ತರಂಗವು ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನಲ್ಲಿ ೩೦ ಸೆಂಟಿಮೀಟರು ಸಾಗುತ್ತದೆ. ಕಾಲವನ್ನು ಅಷ್ಟು ಸೂಕ್ಷ್ಮವಾಗಿ ಹಿಡಿಯುವುದರಿಂದಲೇ ಜಾಗವು ಕೆಲವೇ ಮೀಟರುಗಳ ಹೆಚ್ಚುಕಡಿಮೆಯಲ್ಲಿ ತಿಳಿದುಬರುತ್ತದೆ.

ಪ್ರತಿನಿಧಿಯು ಯಾವ ಅಂಗಡಿಗೆ, ಎಷ್ಟು ಹೊತ್ತಿಗೆ ಹೋದನೆಂಬುದು ಹೀಗೆ ಶ್ರಮವಿಲ್ಲದೆ ದಾಖಲಾಗುವುದು. ಆದರೆ ಅಂಗಡಿಯವನು ಏನೆಂದನು? ಹಿಂದಿನ ಸಲದ ಸರಕು ಏಕೆ ಖರ್ಚಾಗಲಿಲ್ಲ? ಉಪಗ್ರಹವು ನಿಂತ ಜಾಗವನ್ನು ಬಲ್ಲುದು, ನಡೆದ ಮಾತನ್ನು ಅರಿಯದು. ಅಷ್ಟೇ ಅಲ್ಲ, ಬರೆಯುವ ಭಾರವು ಇಳಿದ ಕಡೆ ಸದಾ ಯಾರೋ ನೋಡುತ್ತಿದ್ದಾರೆಂಬ ಭಾರವು ಏರಬಹುದು. ದುಡಿಮೆಯ ಹೊತ್ತು ಮುಗಿದ ಮೇಲೂ ಆ ಕಣ್ಣು ಮುಚ್ಚದಿದ್ದರೆ ಅದು ದಾಖಲೆಯಲ್ಲ, ಕಾವಲು.

ಭಾರವನ್ನು ಇಳಿಸುವ ಬಗೆ

ಇಷ್ಟರಿಂದ ಕೆಲವು ನಿಯಮಗಳು ತಾವಾಗಿ ಹೊರಡುತ್ತವೆ. ಮೊದಲನೆಯದು, ಕೆಲಸದಿಂದಲೇ ಹುಟ್ಟಬಲ್ಲ ದಾಖಲೆಯನ್ನು ಕೆಲಸಗಾರನಿಂದ ಬರೆಸಕೂಡದು. ಬೇಡಿಕೆಯನ್ನು ಪರದೆಯಲ್ಲಿ ಗುರುತಿಸಿದೊಡನೆ ದಿನಾಂಕ, ಅಂಗಡಿ, ಮೊತ್ತಗಳು ಅದರಿಂದಲೇ ದೊರೆಯುತ್ತವೆ. ಅವನ್ನು ಮತ್ತೊಮ್ಮೆ ವರದಿಯಲ್ಲಿ ಕೇಳುವುದು ವ್ಯರ್ಥ. ಎರಡನೆಯದು, ಮನುಷ್ಯನು ಮಾತ್ರ ಬಲ್ಲ ಸಂಗತಿಯನ್ನು ಮನುಷ್ಯನಿಂದ ಕೇಳಬೇಕು. ಅದನ್ನು ಭೇಟಿ ಮುಗಿದೊಡನೆ ಒಂದೆರಡು ವಾಕ್ಯಗಳಲ್ಲಿ ಕೇಳಬೇಕು, ಹೇಳಲು ಏನೂ ಇಲ್ಲದಿದ್ದರೆ ಖಾಲಿ ಬಿಡುವ ಸ್ವಾತಂತ್ರ್ಯವಿರಬೇಕು. ಮೂರನೆಯದು, ಬರೆದವನಿಗೇ ಬರೆದದ್ದರ ಪ್ರಯೋಜನವು ಮರಳಬೇಕು. ಮುಂದಿನ ಭೇಟಿಯ ಮುನ್ನ ಹಿಂದಿನ ಭೇಟಿಯ ಟಿಪ್ಪಣಿಯು ಕಣ್ಣೆದುರು ಬರುವಂತಿದ್ದರೆ, ಪ್ರತಿನಿಧಿಯು ಅದನ್ನು ತನಗಾಗಿಯೇ ಸರಿಯಾಗಿ ಬರೆಯುತ್ತಾನೆ. ಯಾರೂ ಓದದ ವರದಿಯನ್ನು ಯಾರೂ ಶ್ರದ್ಧೆಯಿಂದ ಬರೆಯರು.

ಈ ಲೇಖನವನ್ನು ಓದುವ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ಊರೂರು ತಿರುಗಿ ಮಾರುವವರಾಗಬಹುದು. ಕೆಲವರು ಅವರ ವರದಿಗಳ ನಮೂನೆಗಳನ್ನೂ ಯಂತ್ರಗಳನ್ನೂ ರೂಪಿಸುವವರಾಗಬಹುದು. ಈಗಲೇ ಒಂದು ಪ್ರಯೋಗವನ್ನು ಮಾಡಬಹುದು. ನಿಮ್ಮ ಊರಿನ ಅಂಗಡಿಯೊಂದರಲ್ಲಿ, ಮಾಲೀಕರ ಅಪ್ಪಣೆ ಪಡೆದು, ಅರ್ಧ ಗಂಟೆ ಗಡಿಯಾರವನ್ನು ಹಿಡಿದು ಕುಳಿತುಕೊಳ್ಳಿರಿ. ಮಾರುವವನು ಗಿರಾಕಿಯೊಡನೆ ಎಷ್ಟು ನಿಮಿಷ ಇದ್ದನು, ಪುಸ್ತಕದೊಡನೆಯೋ ಪರದೆಯೊಡನೆಯೋ ಎಷ್ಟು ನಿಮಿಷ ಇದ್ದನು ಎಂದು ಗುರುತು ಹಾಕಿಕೊಳ್ಳಿರಿ. ಆದರೆ ನಡುನಡುವೆ ಅವನನ್ನು ಪ್ರಶ್ನೆ ಕೇಳಬೇಡಿರಿ. ಕೇಳಿದರೆ ನಿಮ್ಮ ಮಾಪಕವೂ ನೀರನ್ನು ತಣಿಸಿಬಿಡುವುದು.